ಅಂಜಿದ ಅರಸನ ಬಣ್ಣದ ಮನೆ



ಹೊಳೆನರಸೀಪುರದ ಓದುಗರೊಬ್ಬರು ಕಾಗದ ಬರೆದು ಒಂದು ಪ್ರಶ್ನೆ ಕೇಳಿದ್ದಾರೆ. "ಬೇಲೂರು ಹಳೇಬೀಡಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೇ. ಶಾಂತಲಾದೇವಿ ಕುಣಿದ ಜಾಗ ಇದು ಅಂತ ತೋರಿಸುತ್ತಾರೆ. ಸರಿ, ಕುಣಿದಾದ ಮೇಲೆ ಆಕೆ ಹೋಗಿ ದಣಿವಾರಿಸಿಕೊಳ್ಳುತ್ತಿದ್ದ ಮನೆ ಎಲ್ಲಿ? ದೇವರಿಗೆ ಇಷ್ಟು ಚೆಂದದ ಮನೆ ಕಟ್ಟಿಸಿದವರು ತಾವಿರುವುದಕ್ಕೆ ಒಂದು ಕಟ್ಟಿಸಿಕೊಳ್ಳಲಿಲ್ಲವೇ?"

ಓದಿ ನನಗೆ ಬಹಳ ಹಿಡಿಸಿತು. ಇಂಥ ಅನುಮಾನ ಹೆಂಗಸರಿಗಲ್ಲದೆ ಇನ್ಯಾರಿಗೆ ಬಂದೀತು? ಇತಿಹಾಸದ ಪುಸ್ತಕದಲ್ಲಿ ರಾಜ ಯಾರ ಮೇಲೆ ದಂಡೆತ್ತಿ ಹೋದ, ಯಾವ ಬಿರುದು ಧರಿಸಿದ ಎಂಬುದೆಲ್ಲ ಇರುತ್ತದೆ. ಹಿಂತಿರುಗಿ ಬಂದವನು ಕಾಲು ತೊಳೆದದ್ದೆಲ್ಲಿ, ಉಂಡದ್ದೆಲ್ಲಿ, ಬೇಸಿಗೆಯಲ್ಲಿ ಮಲಗಿದ್ದೆಲ್ಲಿ ಎಂಬುದು ಇರುವುದಿಲ್ಲ.

ಅರಮನೆ ಇತ್ತು. ಹಳೇಬೀಡಿನ ಬೆಣ್ಣೆಗುಡ್ಡದ ಹತ್ತಿರ ಇತ್ತೆಂದು ತಿಳಿದವರು ಹೇಳುತ್ತಾರೆ. ಆದರೆ ಈಗ ಅಲ್ಲಿ ತಳಪಾಯದ ಕಲ್ಲಲ್ಲದೆ ಬೇರೇನೂ ಕಾಣುವುದಿಲ್ಲ. ನಮ್ಮ ಕಡೆಯ ಹಳೆಯ ಕ್ರಮ ಅದು. ದೇವರಿಗೆ ಕಲ್ಲಿನ ಮನೆ, ಮನುಷ್ಯರಿಗೆ ಮರ, ಮಣ್ಣು, ಗಾರೆಯ ಮನೆ. ರಾಜನಾದರೂ ಅಷ್ಟೇ. ಕಲ್ಲು ಉಳಿಯಿತು, ಮರ ಬೆಂಕಿಗೋ ಗೆದ್ದಲಿಗೋ ಹೋಯಿತು. ಹಂಪಿಗೆ ಹೋದವರು ನೆನಪು ಮಾಡಿಕೊಳ್ಳಿ: ಮಹಾನವಮಿ ದಿಬ್ಬದ ಆಸುಪಾಸಿನಲ್ಲಿ ನೂರು ಕಂಬದ ರಾಜಸಭೆ ಎಂದು ತೋರಿಸುತ್ತಾರೆ. ನೂರು ಕಂಬದಲ್ಲಿ ಒಂದೂ ಇಲ್ಲ. ಕಂಬ ನೆಟ್ಟಿದ್ದ ಕಲ್ಲಿನ ಕುಳಿಗಳು ಮಾತ್ರ ಸಾಲಾಗಿ ಇವೆ, ಹಲ್ಲು ಉದುರಿದ ವಸಡಿನ ಹಾಗೆ.

ಹಾಗಾದರೆ ಹಳೆಯ ಕಾಲದ ಅರಸನೊಬ್ಬನ ಮರದ ಮನೆ ಕರ್ನಾಟಕದಲ್ಲಿ ಎಲ್ಲಿಯೂ ಉಳಿದಿಲ್ಲವೇ? ಶ್ರೀರಂಗಪಟ್ಟಣದ ದರಿಯಾ ದೌಲತ್ ಇದೆ ಎನ್ನುತ್ತೀರಿ. ಶಾಲೆಯಲ್ಲಿದ್ದಾಗ ಪ್ರವಾಸಕ್ಕೆ ಹೋಗಿ ಎಲ್ಲರೂ ನೋಡಿದ್ದೇವೆ. ಅದು 1784ರದು, ಟೀಪೂ ಸುಲ್ತಾನನ ಕಾಲದ್ದು. ನಾನು ಹೇಳಹೊರಟಿರುವುದು ಅದಕ್ಕಿಂತ ಇನ್ನೂರು ವರ್ಷಕ್ಕೂ ಹೆಚ್ಚು ಹಳೆಯದು. ರಾಜ್ಯದ ಆ ತುದಿಯಲ್ಲಿ, ಬೀದರಿನ ಕೋಟೆಯೊಳಗೆ ಇದೆ. ಹೆಸರು ರಂಗೀನ್ ಮಹಲ್. ಎಂದರೆ ಬಣ್ಣದ ಅರಮನೆ.

"ಬೀದರೇ? ಅದು ಸುಲ್ತಾನರ ಊರಲ್ಲವೇ?" ಎಂದು ಕೆಲವರು ಹುಬ್ಬೇರಿಸಬಹುದು. ಹಾಸನ ಜಿಲ್ಲೆಯವರಿಗೆ ಹಾಗೆ ಅನ್ನಿಸುವುದು ಸಹಜ. 1311ರಲ್ಲಿ ದೆಹಲಿಯ ಸೇನಾಪತಿ ಮಲ್ಲಿಕ್ ಕಾಫರ್ ದ್ವಾರಸಮುದ್ರದ ಮೇಲೆ ಬಿದ್ದದ್ದು ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಅದನ್ನು ಮರೆಯಿರಿ ಎಂದು ನಾನು ಹೇಳುವುದಿಲ್ಲ. ಆದರೆ ಆತ ದೆಹಲಿಯವನು. ಬೀದರಿನವರು ಆ ದೆಹಲಿಗೇ ತಿರುಗಿಬಿದ್ದು 1347ರಲ್ಲಿ ಬೇರೆ ರಾಜ್ಯ ಕಟ್ಟಿದವರು, ಬಹಮನಿಗಳು. ಮೊದಲು ಅವರ ರಾಜಧಾನಿ ಕಲಬುರಗಿ. ಕಟ್ಟಿದವನ ಹೆಸರು ಹಸನ್. (ನಮ್ಮ ಹಾಸನಕ್ಕೂ ಆತನಿಗೂ ಏನೂ ಸಂಬಂಧವಿಲ್ಲ, ಗಾಬರಿಯಾಗಬೇಡಿ. ನಮ್ಮದು ಹಾಸನಾಂಬೆಯ ಊರು.)

ಆ ವಂಶದ ಅಹಮದ್ ಷಾ ಎಂಬವನು 1422ರಲ್ಲಿ ಪಟ್ಟಕ್ಕೆ ಬಂದು, ಕೆಲವು ವರ್ಷಗಳಲ್ಲಿ ರಾಜಧಾನಿಯನ್ನು ಬೀದರಿಗೆ ಬದಲಾಯಿಸಿದ. ಬೇಟೆಗೆ ಹೋದಾಗ ಅಲ್ಲಿ ನರಿಯೊಂದು ಅಟ್ಟಿ ಬಂದ ನಾಯಿಗಳ ಮೇಲೆಯೇ ತಿರುಗಿಬಿದ್ದದ್ದನ್ನು ಕಂಡು "ಇದು ಗಂಡುಮೆಟ್ಟಿನ ನೆಲ" ಎಂದುಕೊಂಡನಂತೆ. ಹಂಪಿಯಲ್ಲಿ ಮೊಲ, ಬೀದರಿನಲ್ಲಿ ನರಿ. ಕಥೆ ಒಂದೇ, ಪ್ರಾಣಿ ಬೇರೆ! ನಿಜವಾದ ಕಾರಣ ಅಲ್ಲಿ ಹೋಗಿ ನಿಂತರೆ ತಿಳಿಯುತ್ತದೆ. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಹೆಚ್ಚು ಎತ್ತರದ ದಿಣ್ಣೆ, ಕಲಬುರಗಿಯ ಬಿಸಿಲಿಗೆ ಹೋಲಿಸಿದರೆ ತಂಪು ಗಾಳಿ, ಒಳ್ಳೆಯ ನೀರು. ನೆಲವೆಲ್ಲ ಕೆಂಪು ಜಂಬಿಟ್ಟಿಗೆ ಕಲ್ಲು, ನಮ್ಮ ಸಕಲೇಶಪುರದ ಕಡೆ ಕಾಣುವಂಥದ್ದು. ಆ ಕಲ್ಲನ್ನೇ ಕಡಿದು ಕಂದಕ ಮಾಡಿ, ಕಡಿದ ಕಲ್ಲನ್ನೇ ಗೋಡೆಗೆ ಇಟ್ಟರು. 1432ರ ಹೊತ್ತಿಗೆ ಕೋಟೆ ಮುಗಿಯಿತು. ಕೆಲವು ಕಡೆ ಕಂದಕ ಮೂರು ಸಾಲು ಇದೆ, ನಡುವೆ ಬಂಡೆಯ ಗೋಡೆ ಬಿಟ್ಟು ಕಡಿದಿದ್ದಾರೆ.

ಈ ಅಹಮದ್ ಷಾ ವಿಚಿತ್ರ ಮನುಷ್ಯ. ವಿಜಯನಗರದ ಮೇಲೆ ಬಹಳ ಕ್ರೂರವಾಗಿ ಯುದ್ಧ ಮಾಡಿದ. ಅದೇ ಮನುಷ್ಯನ ಗೋರಿ ಬೀದರಿನ ಹೊರಗೆ ಅಷ್ಟೂರಿನಲ್ಲಿದೆ. ಇಂದಿಗೂ ವರ್ಷಕ್ಕೊಮ್ಮೆ ಅಲ್ಲಿ ಉರುಸು ನಡೆದಾಗ ಲಿಂಗಾಯತ ಭಕ್ತರೂ ಬರುತ್ತಾರೆ, ಜಂಗಮರೊಬ್ಬರು ಮುಂದಾಳಾಗಿ ನಿಂತು ನಡೆಸುತ್ತಾರೆ. ಆತನನ್ನು ಅಲ್ಲಮಪ್ರಭುವೆಂದೇ ಕರೆಯುವವರಿದ್ದಾರೆ. ಯಾರು ಯಾರಿಗೆ ಯಾವಾಗ ದೇವರಾಗುತ್ತಾರೋ ಹೇಳಬರುವುದಿಲ್ಲ.

ಹೊಸ ಕೋಟೆಯೊಳಗೆ ದೊಡ್ಡ ದೊಡ್ಡ ಅರಮನೆಗಳು ಎದ್ದವು. ತಖ್ತ್ ಮಹಲ್ ಎಂದರೆ ಸಿಂಹಾಸನದ ಅರಮನೆ, ಪಟ್ಟಾಭಿಷೇಕವಾಗುತ್ತಿದ್ದ ಜಾಗ. ಅದರ ಕಮಾನಿನ ಮೂಲೆಯಲ್ಲಿ ಹೊಳಪು ಹೆಂಚಿನಲ್ಲಿ ಮಾಡಿದ ಹುಲಿ, ಅದರ ಬೆನ್ನ ಹಿಂದೆ ಏಳುವ ಸೂರ್ಯ. ಗಗನ್ ಮಹಲ್, ತರ್ಕಶ್ ಮಹಲ್ ಎಂದು ಇನ್ನೂ ಇವೆ. ತರ್ಕಶ್ ಮಹಲನ್ನು ತುರ್ಕಿಯಿಂದ ಬಂದ ರಾಣಿಗಾಗಿ ಕಟ್ಟಿದ್ದೆಂದು ಹೇಳುವುದುಂಟು. ಎಲ್ಲವೂ ಈಗ ಬಹುಮಟ್ಟಿಗೆ ಮುರುಕು ಗೋಡೆ, ಆದ್ದರಿಂದ ಬೇಗ ದಾಟಿಬಿಡುತ್ತೇನೆ.

ಅವು ಚೆನ್ನಾಗಿದ್ದಾಗ ಕಣ್ಣಾರೆ ಕಂಡವನೊಬ್ಬ ಇದ್ದ. ಅಫನಾಸಿ ನಿಕಿತಿನ್ ಎಂಬ ರಷ್ಯಾದ ವ್ಯಾಪಾರಿ. 1470ರ ಆಸುಪಾಸಿನಲ್ಲಿ ಒಂದು ಕುದುರೆ ಹಿಡಿದುಕೊಂಡು ಬೀದರಿನವರೆಗೂ ಬಂದು ಅದನ್ನು ಅಲ್ಲೇ ಮಾರಿದ. ವಾಸ್ಕೋ ಡ ಗಾಮ ಬರುವುದಕ್ಕಿಂತ ಇಪ್ಪತ್ತೈದು ವರ್ಷಕ್ಕೂ ಮುಂಚೆ! ಸುಲ್ತಾನನ ಅರಮನೆಗೆ ಏಳು ಬಾಗಿಲು, ಬಾಗಿಲುಬಾಗಿಲಿಗೂ ನೂರು ಕಾವಲುಗಾರರು, ನೂರು ಮಂದಿ ಬರೆಯುವವರು, ಒಳಗೆ ಹೋದವರ ಲೆಕ್ಕ ಒಬ್ಬರು ಬರೆದರೆ ಹೊರಗೆ ಬಂದವರ ಲೆಕ್ಕ ಇನ್ನೊಬ್ಬರು; ಕಲ್ಲುಕಲ್ಲಿಗೂ ಕೆತ್ತನೆ, ಚಿನ್ನದ ಲೇಪ; ಪರದೇಶದವರನ್ನು ಒಳಗೆ ಬಿಡುವುದಿಲ್ಲ, ಹೀಗೆಂದು ಆತ ಬರೆದಿಟ್ಟ. ಹಳ್ಳಿಯ ಜನ ಬಹಳ ಬಡವರು, ದೊಡ್ಡ ಮನುಷ್ಯರು ಮಾತ್ರ ವೈಭವದಲ್ಲಿದ್ದಾರೆ ಎಂಬುದನ್ನೂ ಬರೆದ. ಚಿನ್ನ ಎಲ್ಲಿಂದ ಬಂತು ಎಂಬುದು ಇದರಲ್ಲೇ ತಿಳಿಯಿತಲ್ಲ.

ನಿಕಿತಿನ್ ಬರುವುದಕ್ಕೆ ಕೆಲವೇ ವರ್ಷ ಮೊದಲು ಆ ಅರಮನೆಯನ್ನೂ ರಾಜ್ಯವನ್ನೂ ನಡೆಸುತ್ತಿದ್ದವಳು ಒಬ್ಬ ಹೆಂಗಸು. ಹೆಸರು ನರ್ಗಿಸ್ ಬೇಗಂ. ಆಕೆಯ ಗಂಡ ಹುಮಾಯೂನ್ ಷಾನಿಗೆ ಜನ ಇಟ್ಟ ಹೆಸರೇ "ಜಾಲಿಮ್", ಕ್ರೂರಿ ಎಂದು. 1461ರಲ್ಲಿ ಆತ ಸತ್ತಾಗ ಮಗ ನಿಜಾಮ್ ಷಾನಿಗೆ ಎಂಟೇ ವರ್ಷ. ನರ್ಗಿಸ್ ಬೇಗಂ ಪರದೆಯ ಹಿಂದಿನಿಂದಲೇ ಇಬ್ಬರು ಮಂತ್ರಿಗಳನ್ನು ಇಟ್ಟುಕೊಂಡು ರಾಜ್ಯ ನಡೆಸಿದಳು. ಅವರಲ್ಲಿ ಒಬ್ಬ ಹೆಸರಾಂತ ಮಹಮೂದ್ ಗವಾನ್. ಹೆಂಗಸು, ಮಗು ಎಂದು ಸದರ ಮಾಡಿಕೊಂಡು ಅಕ್ಕಪಕ್ಕದ ರಾಜರು ನುಗ್ಗಿದರು. 1462ರಲ್ಲಿ ಮಾಳವದ ಸುಲ್ತಾನ ಬೀದರಿಗೇ ಮುತ್ತಿಗೆ ಹಾಕಿದ. ಆಕೆ ಮಗನನ್ನು ಎತ್ತಿಕೊಂಡು ಫಿರೋಜಾಬಾದಿಗೆ ಹೋಗಿ, ಗುಜರಾತಿನ ಸುಲ್ತಾನನ ನೆರವು ಪಡೆದು, ರಾಜಧಾನಿಯನ್ನು ಉಳಿಸಿಕೊಂಡಳು. ಮರುವರ್ಷ ಆ ಬಾಲಕನಿಗೆ ಮದುವೆ ಮಾಡಿದರು. ಮದುವೆಯ ರಾತ್ರಿಯೇ ತೀರಿಕೊಂಡ. ತಾಯಿ ಆ ದುಃಖ ನುಂಗಿಕೊಂಡು, ಕಿರಿಯ ಮಗನನ್ನು ಪಟ್ಟಕ್ಕೆ ಕೂರಿಸಿ, ಅವನು ದೊಡ್ಡವನಾಗುವವರೆಗೂ ಮತ್ತೆ ಅದೇ ನೊಗ ಹೊತ್ತಳು. ಕೋಟೆಯಲ್ಲಿ ಗೈಡುಗಳು ಗವಾನನ ಹೆಸರನ್ನು ಹತ್ತು ಸಲ ಹೇಳುತ್ತಾರೆ. ಈಕೆಯ ಹೆಸರು ಕೇಳಿ ನೋಡಿ!

ರಾಣಿವಾಸದ ಜಾಗ ಈಗಲೂ ಗುರುತಿಸಬಹುದು. ಸೋಲಾ ಕಂಬ ಮಸೀದಿ ಎಂದು ಒಂದು ದೊಡ್ಡ ಮಸೀದಿ ಕೋಟೆಯೊಳಗಿದೆ. ಸೋಲಾ ಎಂದರೆ ಹದಿನಾರು, ನಡುವಿನ ಅಂಕಣದ ಹದಿನಾರು ಕಂಬದಿಂದ ಬಂದ ಹೆಸರು. ಪಕ್ಕದಲ್ಲೇ ಅಂತಃಪುರ ಇದ್ದುದರಿಂದ ಜನಾನಾ ಮಸೀದಿ ಎಂಬ ಹೆಸರೂ ಅದಕ್ಕಿದೆ. ಎದುರಿಗೆ ಲಾಲ್ ಬಾಗ್. ನಮ್ಮ ಬೆಂಗಳೂರಿನದಲ್ಲ, ಇದೂ ಒಂದು ಲಾಲ್ ಬಾಗ್! ಉದ್ದಕ್ಕೂ ನೀರಿನ ಕಾಲುವೆ, ನಡುವೆ ಕಾರಂಜಿಯ ಕೊಳ. ಹತ್ತಿರದಲ್ಲೇ ಹಮಾಮು, ಎಂದರೆ ಸ್ನಾನದ ಮನೆ. ಅದರಲ್ಲಿ ಈಗ ವಸ್ತುಸಂಗ್ರಹಾಲಯ ಇದೆ. ಅರಮನೆಯ ಅಡುಗೆಮನೆಯೂ ಇದೆ.

ಅಡುಗೆಮನೆ ಎಂದಮೇಲೆ ನಾವು ಸುಮ್ಮನೆ ಮುಂದೆ ಹೋಗುವುದುಂಟೇ? ಆ ಒಲೆಗಳು ಉರಿಯುತ್ತಿದ್ದ ಹದಿನೈದನೆಯ ಶತಮಾನದಲ್ಲಿ ಈ ದೇಶದಲ್ಲಿ ಒಂದು ಮೆಣಸಿನಕಾಯಿ ಇರಲಿಲ್ಲ. ಹಸಿಯದೂ ಇಲ್ಲ, ಒಣಗಿದ್ದೂ ಇಲ್ಲ. ಅದು ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಖಾರಕ್ಕೆ ಕಾಳುಮೆಣಸು, ಶುಂಠಿ. ಟೊಮೇಟೋ ಇಲ್ಲ. ನಮ್ಮ ಹಾಸನದ ಆಲೂಗಡ್ಡೆ ಇಲ್ಲವೇ ಇಲ್ಲ. ಕಾಫಿಯೂ ಇಲ್ಲ ಕಣ್ರೀ! ಅಷ್ಟು ದೊಡ್ಡ ಸುಲ್ತಾನ, ಬೆಳಿಗ್ಗೆ ಎದ್ದು ಒಂದು ಲೋಟ ಕಾಫಿ ಕುಡಿಯುವ ಭಾಗ್ಯವಿಲ್ಲ. ಅರಕಲಗೂಡಿನ ಯಾವ ಮನೆಯ ಜಗಲಿಯೂ ಆ ವಿಷಯದಲ್ಲಿ ಅರಮನೆಗಿಂತ ಮೇಲು.

ಈಗ ಬಣ್ಣದ ಮನೆಯ ಕಥೆಗೆ ಬರೋಣ. ಅದು ಸುಖದ ಕಥೆಯಲ್ಲ.

1481ರಲ್ಲಿ ಸುಳ್ಳು ಕಾಗದವೊಂದನ್ನು ನಂಬಿ, ನರ್ಗಿಸ್ ಬೇಗಂಳ ಆ ಕಿರಿಯ ಮಗನೇ ಮುದಿ ಮಂತ್ರಿ ಮಹಮೂದ್ ಗವಾನನ ತಲೆ ತೆಗೆಸಿದ. ಮರುವರ್ಷ ತಾನೂ ಸತ್ತ. ಪಟ್ಟಕ್ಕೆ ಬಂದವನು ಆತನ ಮಗ ಮಹಮೂದ್ ಷಾ, ಹನ್ನೆರಡರ ಹುಡುಗ. ದರ್ಬಾರಿನಲ್ಲಿ ಎರಡು ಗುಂಪು: ತಲೆಮಾರುಗಳಿಂದ ಇಲ್ಲೇ ಇದ್ದ ದಖನಿಗಳು ಒಂದು ಕಡೆ, ಪರ್ಷಿಯಾ ತುರ್ಕಿಗಳಿಂದ ಹೊಸದಾಗಿ ಬಂದವರು ಇನ್ನೊಂದು ಕಡೆ. ಒಬ್ಬರನ್ನು ಕಂಡರೆ ಒಬ್ಬರಿಗಾಗದು. 1487ರ ಒಂದು ರಾತ್ರಿ ದಖನಿಗಳೂ ಹಬಷಿ ಸರದಾರರೂ ಸೇರಿ, ಅರಮನೆಯ ಒಳಕ್ಕೇ ನುಗ್ಗಿ ಅರಸನನ್ನು ಕೊಲ್ಲಲು ಹೊಂಚಿದರು. ಬೆರಳೆಣಿಕೆಯ ತುರ್ಕಿ ಅಂಗರಕ್ಷಕರು ಅಡ್ಡ ನಿಂತು ಕಾದಿದರು. ಹುಡುಗ ಹೇಗೋ ತಪ್ಪಿಸಿಕೊಂಡು ಷಾ ಬುರುಜು ಎಂಬ ಬುರುಜನ್ನು ಹತ್ತಿ ಪ್ರಾಣ ಉಳಿಸಿಕೊಂಡ. ಬೆಳಗಾಯಿತು, ಸಹಾಯ ಬಂತು. ಆಮೇಲೆ ಆತ ತೀರಿಸಿಕೊಂಡ ಸೇಡು ಮೂರು ದಿನ ನಡೆಯಿತಂತೆ, ಊರೆಲ್ಲ ರಕ್ತ. ವಿಜಯಪುರದ ಇಬ್ರಾಹಿಂ ಆದಿಲ್ ಷಾನ ಆಶ್ರಯದಲ್ಲಿದ್ದ ಫೆರಿಷ್ತಾ ಎಂಬ ಚರಿತ್ರೆಕಾರ ಇದನ್ನೆಲ್ಲ ಬರೆದಿದ್ದಾನೆ. ಇಷ್ಟನ್ನು ಬಿಟ್ಟು ಬರೀ ಬಣ್ಣದ ಮಾತು ಆಡಿದರೆ ನಾನು ನಿಮಗೆ ಅರ್ಧ ಕಥೆ ಹೇಳಿದ ಹಾಗೆ.

ಆ ರಾತ್ರಿಯ ಅಂಜಿಕೆ ಹುಡುಗನನ್ನು ಬಿಡಲಿಲ್ಲ. ತನ್ನನ್ನು ಉಳಿಸಿದ ಬುರುಜೇ ಶುಭ ಎಂದು ಬಗೆದು, ಅದರ ಹತ್ತಿರದಲ್ಲೇ, ಗುಂಬದ್ ದರವಾಜ ಎಂಬ ದೊಡ್ಡ ಬಾಗಿಲಿಗೆ ಒತ್ತಿಕೊಂಡಂತೆ ಹೊಸ ಮನೆ ಕಟ್ಟಿಸಿದ. ತಾತ ಮುತ್ತಾತಂದಿರು ಕಟ್ಟಿಸಿದ ಬಯಲಿನಂಥ ಅರಮನೆಗಳಿದ್ದವು. ಅಲ್ಲಿ ನಿದ್ದೆ ಬರಬೇಕಲ್ಲ! ಬಾಗಿಲ ಕಾವಲಿನವರ ಕೆಮ್ಮು ಕಿವಿಗೆ ಬೀಳುವಷ್ಟು ಹತ್ತಿರ ಮಲಗಿದರೆ ಧೈರ್ಯ. ಹಾಗಾಗಿ ಅದು ಸಣ್ಣ ಮನೆ. ನೆಲಮಾಳಿಗೆಯಲ್ಲಿ ಸಾಲು ಕೋಣೆಗಳು, ಮೇಲೆ ಅರಸನ ವಾಸ.

ಆತನ ಜೊತೆ ಭಾಗ್ಯವೂ ಸಣ್ಣದಾಯಿತು. ಮೂವತ್ತಾರು ವರ್ಷ ಪಟ್ಟದಲ್ಲಿದ್ದ, ಹೆಸರಿಗೆ. ಕಣ್ಣೆದುರಿಗೇ ವಿಜಯಪುರ, ಅಹಮದ್‌ನಗರ, ಬೇರಾರ, ಗೋಲ್ಕೊಂಡ ಎಂದು ರಾಜ್ಯ ಹರಿದು ಹಂಚಿಹೋಯಿತು. ಬೀದರಿನ ಅಧಿಕಾರ ಬರೀದರೆಂಬ ಮಂತ್ರಿಮನೆತನದ ಕೈಗೆ ಜಾರಿತು. ಅವರಲ್ಲಿ ಅಮೀರ್ ಬರೀದನಿಗೆ "ದಖ್ಖನ್ನಿನ ನರಿ" ಎಂದೇ ಅಡ್ಡಹೆಸರು. ನರಿಯನ್ನು ಕಂಡು ಕಟ್ಟಿದ ರಾಜಧಾನಿ ಕೊನೆಗೆ ನರಿಗೇ ಸಿಕ್ಕಿತು ಎನ್ನಬೇಕು. ಈ ಅಮೀರ್ ಬರೀದನ ಮಗ ಅಲಿ ಬರೀದ್ ಷಾ 1542ರಿಂದ 1580ರವರೆಗೆ ಆಳಿದ. ಮಹಮೂದ್ ಷಾನ ಆ ಮನೆಯನ್ನು ಹಿಡಿದು, ಮರು ಕಟ್ಟಿಸಿ, ಸಿಂಗರಿಸಿದವನು ಇವನೇ. ನಾವು ಇವತ್ತು ನೋಡುವ ರಂಗೀನ್ ಮಹಲ್ ಬಹುಪಾಲು ಇವನ ಕಾಲದ್ದು.

ಬನ್ನಿ, ಒಳಗೆ ಹೋಗೋಣ. ಮೊದಲು ಕಾಣುವುದು ಮರದ ಕಂಬದ ಹಜಾರ. ನಾನು ಹೋಗಿದ್ದಾಗ ಹೊರಗೆ ಏಪ್ರಿಲ್ ಬಿಸಿಲು, ಒಳಗೆ ಕಾಲಿಟ್ಟ ಕೂಡಲೇ ಕಣ್ಣು ಕತ್ತಲೆ ಬಂದ ಹಾಗಾಗಿ ಒಂದು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಕಂಬಗಳು ಒಂದೊಂದಾಗಿ ಎದ್ದು ಬಂದವು. ನನಗೆ ಥಟ್ಟನೆ ಅನ್ನಿಸಿದ್ದು, ಅರೆ, ಇದು ತೊಟ್ಟಿಮನೆಯ ಕಂಬವಲ್ಲವೇ! ಅದೇ ಚೌಕ, ಅದೇ ಪಟ್ಟಿ, ಮೇಲೆ ತೊಲೆ ಹೊರಲು ನಾಲ್ಕು ಕಡೆಗೂ ಚಾಚಿದ ಬೋದಿಗೆ. ಚನ್ನರಾಯಪಟ್ಟಣದ ಕಡೆ ಹಳೆಯ ಮನೆಗಳಲ್ಲಿ ಒರಗಿಕೊಂಡು ಅವರೆಕಾಯಿ ಬಿಡಿಸುತ್ತೇವಲ್ಲ, ಆ ಕಂಬದ ಅಕ್ಕ. ಆದರೆ ಈ ಅಕ್ಕ ಒಡವೆ ಹೇರಿಕೊಂಡಿದ್ದಾಳೆ. ಎಲ್ಲೂ ಬೋಳು ಜಾಗ ಬಿಡದೆ ಕೆತ್ತನೆ, ಬೋದಿಗೆಯಂತೂ ಪದರ ಪದರವಾಗಿ ಇಳಿಬಿದ್ದಿದೆ. ನೋಡಿದವರು ಇದು ಪರ್ಷಿಯಾದ ಕೆಲಸ ಎನ್ನುವುದಿಲ್ಲ. ಇದು ದೇವಸ್ಥಾನದ ಮಂಟಪ, ತೇರು, ಪಲ್ಲಕ್ಕಿ ಮಾಡಿ ಬಲ್ಲ ನಮ್ಮ ಬಡಗಿಗಳ ಕೈ.

ಆ ಹಜಾರ ದಾಟಿದರೆ ಒಳಕೋಣೆಗಳ ಬಾಗಿಲು. ಇಲ್ಲಿ ಕೈ ಬದಲಾಗುತ್ತದೆ. ಗೋಡೆಯ ಮೇಲೆ ಹೊಳಪು ಹೆಂಚಿನ ಕೆಲಸ. ಹೆಂಚು ಎಂದರೆ ಚಾವಣಿಯದಲ್ಲ. ಬಣ್ಣ ಹಚ್ಚಿ ಸುಟ್ಟ, ಗಾಜಿನಂತೆ ಮಿನುಗುವ ಬಿಲ್ಲೆ. ಈಗ ನಾವು ಅಂಗಡಿಯಿಂದ ತಂದು ಬಚ್ಚಲುಮನೆಗೆ ಹಾಕಿಸುವ ಟೈಲ್ಸಿನಂತೆ ಚಿತ್ರ ಬಿಡಿಸಿದ ಚೌಕವಲ್ಲ. ಒಂದೊಂದು ಬಣ್ಣದ ಬಿಲ್ಲೆಯನ್ನೂ ಬೇರೆ ಬೇರೆ ಸುಟ್ಟು, ಎಲೆಗೆ ಎಲೆಯಾಕಾರ, ನಕ್ಷತ್ರಕ್ಕೆ ನಕ್ಷತ್ರದಾಕಾರ ಕತ್ತರಿಸಿ, ಚೂರಿಗೆ ಚೂರು ಕೂಡಿಸಿದ್ದಾರೆ. ನೀಲಿ, ಬಿಳಿ, ಹಳದಿ, ಹಸಿರು. ಸಾಕಷ್ಟು ಉದುರಿದೆ, ಉಳಿದಿರುವುದು ನಾಲ್ಕೂವರೆ ಶತಮಾನ ಕಳೆದರೂ ಬಣ್ಣಗೆಟ್ಟಿಲ್ಲ. ಈ ವಿದ್ಯೆ ಪರ್ಷಿಯಾದಿಂದ ಬಂದದ್ದು. ಆದರೆ ಆ ನಕ್ಷತ್ರದ ಹೆಣಿಗೆಗಳನ್ನು ನೋಡುತ್ತಾ ನಿಂತರೆ ನಮ್ಮ ಬೆರಳು ತಾನಾಗಿ ಚುಕ್ಕಿ ಎಣಿಸತೊಡಗುತ್ತದೆ. ಧನುರ್ಮಾಸದ ರಂಗೋಲಿ ಹಾಕಿ ಬಲ್ಲ ಯಾವ ಹುಡುಗಿಗೂ ಅದರ ಗುಟ್ಟು ಹೇಳಿಕೊಡಬೇಕಾಗಿಲ್ಲ. ನಡುವಿನಿಂದ ಹೊರಟು, ಎಲ್ಲ ಕಡೆಗೂ ಸಮನಾಗಿ ಬೆಳೆಸಿ, ಎಲ್ಲೂ ಕೊಂಡಿ ತಪ್ಪದ ಹಾಗೆ ಮುಚ್ಚಬೇಕು. ಅಷ್ಟೇ.

ಇನ್ನೂ ಒಳಗಿನ ಬಾಗಿಲು ನನಗೆ ಎಲ್ಲಕ್ಕಿಂತ ಹಿಡಿಸಿತು. ಕಪ್ಪು ಕಲ್ಲು, ಕನ್ನಡಿಯಂತೆ ನಯ. ಅದರಲ್ಲಿ ಬಳ್ಳಿ, ಹೂವು, ಪಾರ್ಸಿ ಅಕ್ಷರಗಳ ಆಕಾರಕ್ಕೆ ಗುಳಿ ಕೊರೆದು, ಆ ಗುಳಿಗೆ ಸರಿಯಾಗಿ ಕತ್ತರಿಸಿದ ಮುತ್ತಿನಚಿಪ್ಪಿನ ಚೂರುಗಳನ್ನು ಕೂರಿಸಿದ್ದಾರೆ. ಅಕ್ಷರಗಳೆಲ್ಲ ಕವಿತೆಯ ಸಾಲುಗಳು. ಅಲಿ ಬರೀದನಿಗೆ ಕಾವ್ಯದ ಹುಚ್ಚು. ಎದುರಿಗೆ ನಿಂತರೆ ಚಿಪ್ಪು ಬೆಳ್ಳಗೆ ಕಾಣುತ್ತದೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಗುಲಾಬಿ, ಇನ್ನೊಂದು ಹೆಜ್ಜೆಗೆ ನವಿಲುಗರಿಯ ಹಸಿರು. ಕರೀ ಸೀರೆಗೆ ಬೆಳ್ಳಿ ಜರಿ ಹಾಕಿದರೆ ಇಷ್ಟು ಒಪ್ಪುತ್ತದೆ ಎಂಬುದು ಅವರಿಗೆ ಆಗಲೇ ಗೊತ್ತಿತ್ತು. ಬೀದರಿನ ಬಿದರಿ ಕೆಲಸವೂ ಇದೇ ಅಲ್ಲವೇ? ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಅದರಲ್ಲಿ ಅದ್ದುತ್ತಾರೆ. ಲೋಹವೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ. ಈ ಕಲೆಯ ಹಿರಿಯ ಕಸುಬುದಾರ ಷಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಅದೇ ಹೊತ್ತಿಗೆ, 1561ರಲ್ಲಿ, ವಿಜಯಪುರದ ಆದಿಲ್ ಷಾ ತನ್ನ ಗಗನ್ ಮಹಲಿಗೆ ಅರವತ್ತು ಅಡಿ ಅಗಲದ ಕಮಾನು ಎತ್ತಿಸಿದ. ಅದನ್ನು ನೋಡಲು ಕತ್ತು ನೋಯುತ್ತದೆ. ಬೀದರಿನ ಬಾಗಿಲನ್ನು ನೋಡಲು ಮೂಗು ತಾಗುವಷ್ಟು ಹತ್ತಿರ ಹೋಗಬೇಕು. ನನ್ನನ್ನು ಕೇಳಿದರೆ, ಮನೆ ಎಂದರೆ ಎರಡನೆಯದು.

ಆದರೆ ಸೋದರಿಯರೇ, ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. 1565ರಲ್ಲಿ ವಿಜಯನಗರದ ಮೇಲೆ ಒಟ್ಟಾಗಿ ಹೋದ ಸುಲ್ತಾನರಲ್ಲಿ ಈ ಅಲಿ ಬರೀದನೂ ಒಬ್ಬ. ಹಂಪಿಯ ನೂರು ಕಂಬ ಸುಟ್ಟು ಕುಳಿ ಮಾತ್ರ ಉಳಿಯಿತಲ್ಲ, ಆ ಗೆಲುವಿನಲ್ಲಿ ಇವನದೂ ಪಾಲಿತ್ತು. ಇಲ್ಲಿ ತನ್ನ ಮನೆಯಲ್ಲಿ ಮಾತ್ರ ಅಂಥದೇ ಕಂಬಗಳನ್ನು ಆಸೆಯಿಂದ ಕೆತ್ತಿಸಿಟ್ಟುಕೊಂಡ. ಅಲ್ಲಿ ಹೇಗಿತ್ತೋ ಎಂದು ಈಗ ಊಹಿಸಬೇಕಾದರೆ ಇವನ ಮನೆಗೇ ಬಂದು ನೋಡಬೇಕು! ನಾನು ಆ ಹಜಾರದಲ್ಲಿ ಎಷ್ಟೋ ಹೊತ್ತು ನಿಂತಿದ್ದೆ. ಸಿಟ್ಟೂ ಬಂತು, ಕಂಬದ ಮೇಲಿನ ಕಣ್ಣು ಕೀಳಲೂ ಆಗಲಿಲ್ಲ. ನಮ್ಮ ಮನೆಯವರು "ಏನು, ಲೆಕ್ಕ ಹಾಕುತ್ತಿದ್ದೀಯಾ?" ಎಂದು ತಮಾಷೆ ಮಾಡಿದರು. ಲೆಕ್ಕವೇ ಹಾಕುತ್ತಿದ್ದೆ, ಸರಿಹೋಗಲಿಲ್ಲ. ಬಡಗಿಯ ಲೆಕ್ಕ ಬೇರೆ, ಅರಸನ ಲೆಕ್ಕ ಬೇರೆ ಎಂದುಕೊಂಡು ಹೊರಗೆ ಬಂದೆ.

ಬರೀದರ ರಾಜ್ಯವೂ 1619ರಲ್ಲಿ ವಿಜಯಪುರದ ಪಾಲಾಯಿತು. 1657ರಲ್ಲಿ ಔರಂಗಜೇಬ ಕೋಟೆ ಹಿಡಿದ. ಆಮೇಲೆ ಹೈದರಾಬಾದಿನ ನಿಜಾಮರು. ಕೋಟೆ ಹಾಳುಬಿದ್ದು, ಅರಮನೆಗಳು ಮಣ್ಣಿನಲ್ಲಿ ಹೂತುಹೋಗಿದ್ದವು. ಹೈದರಾಬಾದಿನ ಪುರಾತತ್ವ ಇಲಾಖೆಯ ಗುಲಾಂ ಯಜ್ದಾನಿ ಎಂಬವರು ಮಣ್ಣು ತೆಗೆಸಿ, ಒಂದೊಂದನ್ನೂ ಅಳೆದು, 1947ರಲ್ಲಿ ದೊಡ್ಡ ಪುಸ್ತಕ ಬರೆದರು. 1956ರಲ್ಲಿ ಬೀದರ್ ನಮ್ಮ ರಾಜ್ಯಕ್ಕೆ ಸೇರಿತು. ಆ ಬಣ್ಣದ ಮನೆಯೂ ಅಂದಿನಿಂದ ನಮ್ಮದೇ.

ಹೋಗುವುದು ಹೇಗೆ ಎಂದು ಕೇಳುತ್ತೀರಿ. ದೂರವೇ. ನಮ್ಮಿಂದ ಬೆಂಗಳೂರಿಗೆ ಹೋಗಿ, ಅಲ್ಲಿಂದ ಇನ್ನೂ ಹತ್ತಿರ ಹತ್ತಿರ ಏಳುನೂರು ಕಿಲೋಮೀಟರು. ರಾತ್ರಿ ಪ್ರಯಾಣ ಮಾಡಿದರೆ ಅನುಕೂಲ. ಕಲಬುರಗಿಯಿಂದ ಬೀದರಿಗೆ ನೇರ ರೈಲುದಾರಿ 2017ರಲ್ಲಿ ಆಗಿದೆ. ಮಕ್ಕಳ ಬೇಸಿಗೆ ರಜೆಯಲ್ಲಿ ಬೇಡ, ನನಗಾದ ಬಿಸಿಲಿನ ಪಾಡು ನಿಮಗೇಕೆ? ದಸರೆಯ ನಂತರ, ಸಂಕ್ರಾಂತಿಯೊಳಗೆ ಹೋಗಿ. ಮೆತ್ತನೆಯ ಚಪ್ಪಲಿ ಇರಲಿ, ಕೋಟೆಯೊಳಗೆ ನಡೆದಷ್ಟೂ ಇದೆ. ನೀರು ಜೊತೆಯಲ್ಲೇ ಒಯ್ಯಿರಿ. ರಂಗೀನ್ ಮಹಲಿಗೆ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ. ಬೀಗ ಕಂಡು ವಾಪಸು ಬಂದುಬಿಟ್ಟವರು ಎಷ್ಟೋ ಮಂದಿ. ಕಾವಲಿನವರನ್ನು ವಿನಯವಾಗಿ ಕೇಳಿಕೊಂಡರೆ ತೆರೆದು ತೋರಿಸುವುದುಂಟು. ಒಳಕೋಣೆಯಲ್ಲಿ ಬೆಳಕು ಕಡಿಮೆ, ಮೊಬೈಲಿನ ದೀಪ ಹಚ್ಚಿ, ಕಲ್ಲಿಗೆ ನೇರವಾಗಿ ಬಿಡದೆ ಓರೆಯಾಗಿ ಹಿಡಿಯಿರಿ. ಚಿಪ್ಪಿನ ಬಣ್ಣಗಳು ಆಗ ಓಡಾಡುತ್ತವೆ. ಮುಟ್ಟಬೇಡಿ, ಮಕ್ಕಳ ಕೈ ಹಿಡಿದುಕೊಳ್ಳಿ. ಬಿದರಿಯ ಸಣ್ಣದೊಂದು ಕುಂಕುಮದ ಭರಣಿಯನ್ನೋ ಓಲೆಯನ್ನೋ ಕೊಳ್ಳುವುದಾದರೆ ಪೇಟೆಯಲ್ಲಿ ಕಸುಬುದಾರರ ಅಂಗಡಿಗಳಲ್ಲೇ ಕೊಳ್ಳಿ. ತೊಳೆಯಲು ಹುಣಿಸೆಹಣ್ಣು ಹಚ್ಚಿ ಉಜ್ಜಿದಿರೋ, ಕಪ್ಪೆಲ್ಲ ಹೋದೀತು. ಒಣ ಬಟ್ಟೆಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.

ಹೊಳೆನರಸೀಪುರದ ಸೋದರಿಗೆ ಒಂದು ಬೇಡಿಕೆ, ಉಳಿದವರಿಗೂ ಅದೇ. ನಿಮ್ಮ ಮನೆಯಲ್ಲೋ ಅಕ್ಕಪಕ್ಕದಲ್ಲೋ ಹಳೆಯ ತೊಟ್ಟಿಮನೆ ಇನ್ನೂ ನಿಂತಿದ್ದರೆ, ಅದರ ಕಂಬದ ಬೋದಿಗೆ ಹೇಗಿದೆ, ಹೂವೋ ಗಿಳಿಯೋ ಬಾಳೆಮೊಗ್ಗೋ, ಯಾವ ಮರ, ಕೆತ್ತಿದವರ ಊರು ಯಾವುದು ಎಂದು ಹಿರಿಯರನ್ನು ಕೇಳಿ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಮನೆ ಕೆಡವುವ ಮಾತು ನಡೆಯುತ್ತಿದ್ದರೆ ಇನ್ನೂ ಬೇಗ ಕಳಿಸಿ.